ಬಾವಿಗೆ ತಳ್ಳಿದ ಹುಡುಗ ಏನಾದ?

ನನ್ನ ಜೊತೆ ನಲವತ್ತೊಂದು ವರ್ಷ ಸಂಸಾರವನ್ನೂ ವಾದವನ್ನೂ ಮಾಡಿದ ನನ್ನ ಮನೆಯಾಕೆ ಶಾಂತಾಳಿಗೆ,

ಮೊದಲು ಕ್ಷೇಮ ವಿಚಾರಿಸಿ ಬರೆಯೋಣ ಅಂತ ಕೈ ಹೋಯ್ತು. ಅಲ್ಲಿ ಅದನ್ನೆಲ್ಲ ಕೇಳೋ ಪದ್ಧತಿ ಇದೆಯೋ ಇಲ್ಲವೋ. ನಾನು ಇದ್ದೀನಿ. ಬಿ.ಪಿ. ಮಾತ್ರೆ ಮರೆಯದೆ ನುಂಗ್ತೀನಿ. ಸಾರಿಗೆ ಉಪ್ಪು ಮಾತ್ರ ಒಂದಿನ ಜಾಸ್ತಿ, ಒಂದಿನ... ಅದಿರಲಿ.

ಮದುವೆಯಾದ ಹೊಸದರಲ್ಲಿ ನಿನ್ನ ಟ್ರಂಕಿನಲ್ಲಿ ಸೀರೆಗಳ ಕೆಳಗೆ ಬೈಬಲ್ ಕಂಡು ನಮ್ಮವ್ವ ಹೌಹಾರಿದ್ದು ಜ್ಞಾಪಕ ಇದೆಯಾ? "ಶಿವಪೂಜೆ ಮನೆಗೆ ಇದ್ಯಾಕವ್ವ?" ಅಂದಳು. ನೀನು ಹೆದರಲಿಲ್ಲ. "ನಂಜನಗೂಡಿನ ಆಸ್ಪತ್ರೇಲಿ ನಮ್ಮಪ್ಪ ಅಡಿಗೆ ಮಾಡ್ತಿದ್ರಲ್ಲ ಅತ್ತೆ, ಅಲ್ಲಿನ ನರ್ಸಮ್ಮ ನಂಗೆ ಅಕ್ಷರ ಕಲಿಸಿದ್ದು ಇದರಲ್ಲೇ," ಅಂದೆ. ಆಮೇಲೂ ಸೋಮವಾರ ನಂಜುಂಡೇಶ್ವರನಿಗೆ ಕೈ ಮುಗಿಯೋದನ್ನ ಬಿಡಲಿಲ್ಲ. ಈ ಪುಸ್ತಕ ದೇವರೇ ಬರೆಸಿದ್ದು ಅನ್ನೋದನ್ನೂ ಬಿಡಲಿಲ್ಲ.

ಆ ಮಾತು ಬಂದಾಗಲೆಲ್ಲ ನಾನು ಪೇಪರ್ ಮಡಿಸಿ ಯುದ್ಧಕ್ಕೆ ನಿಲ್ತಿದ್ದೆ. ಬಿ.ಎ. ಓದಿದವನು, ತಾಲ್ಲೂಕು ಕಚೇರಿ ಗುಮಾಸ್ತ, ಸುಮ್ಮನಿರ್ತೀನಾ? "ಬಹಳ ಜನ ಬಹಳ ಕಾಲ ಓದಿದ್ರು ಅಂದ ಮಾತ್ರಕ್ಕೆ ದೇವರು ಬರೆಸಿದ್ದು ಅಂತ ಆಗುತ್ತೇನೇ? ಇನ್‌ಫ್ಲುಯೆನ್ಸ್ ಈಸ್ ನಾಟ್ ಎವಿಡೆನ್ಸ್! ದಿ ಬರ್ಡನ್ ಆಫ್ ಪ್ರೂಫ್..." ಮುಂದಿನದು ಆಗಲೂ ಮರೆತಿತ್ತು. ನೀನು ಮೊರದಿಂದ ತಲೆ ಎತ್ತದೆ, "ನಿಮ್ಮ ಪ್ರೂಫು ನಂಗೊತ್ತಿಲ್ಲ. ಅಷ್ಟು ಹಳೇ ಪುಸ್ತಕ ಅಡಿಗೆಯವನ ಮಗಳನ್ನ ಹಿಡಿದು ಕೂರಿಸಿ ಓದಿಸ್ತಲ್ಲ, ಬರೀ ಮನುಷ್ಯರು ಬರೆದಿದ್ದಕ್ಕೆ ಅಷ್ಟು ಉದ್ದ ಕೈ ಇರುತ್ತೇನ್ರೀ?" ಅಂತಿದ್ದೆ.

ಮೈಸೂರಿನ ಆಸ್ಪತ್ರೆಯಲ್ಲಿ ಆಕ್ಸಿಜನ್ ಮಾಸ್ಕ್ ಸರಿಸಿ ನಕ್ಕೆಯಲ್ಲ, ಆ ದಿನ. "ಈಗಲಾದ್ರೂ ಒಂದ್ಸಲ ಹೌದನ್ನಿ," ಅಂದೆ ನೀನು. "ಡಿಸ್ಚಾರ್ಜ್ ಆಗಲಿ, ಮನೇಲಿ ವಾದ ಮಾಡೋಣ," ಅಂದೆ ನಾನು. ಹಟಕ್ಕಲ್ಲ ಕಣೇ. ವಾದ ಬಾಕಿ ಇದ್ದರೆ ನೀನು ಮನೆಗೆ ಬಂದೇ ಬರ್ತೀಯ ಅಂತ... ನಿನಗೆ ಅರ್ಥವಾಗಿತ್ತಾ? ಇಲ್ಲ, ಕೊನೆಗೂ ಒಪ್ಪದ ಮನುಷ್ಯ ಅಂದುಕೊಂಡೇ ಹೋದೆಯಾ?

ನಿನ್ನ ತಿಂಗಳ ಕಾರ್ಯ ಮುಗಿದ ಮಾರನೆಯ ಬೆಳಿಗ್ಗೆ ಹೆಮ್ಮಿಗೆಯಿಂದ ಸೊಪ್ಪಿನ ಮಾದೇವಮ್ಮ ಬಂದಳು. ಸೊಪ್ಪು ಕೊಂಡ ಮೇಲೆ ಜಗಲಿಯಲ್ಲಿ ಕೂರಿಸಿಕೊಂಡು ನೀನು ಆ ಪುಸ್ತಕದಿಂದ ದಿನಕ್ಕಿಷ್ಟು ಓದಿ ಹೇಳ್ತಿದ್ದೆಯಲ್ಲ, ಅವಳೇ. ಕೀರೆ ಸೊಪ್ಪಿನ ಕಟ್ಟು ಇಟ್ಟವಳು ಎದ್ದು ಹೋಗಲೇ ಇಲ್ಲ.

"ಸಾ, ಆ ಉಡ್ಗ ಏನಾದ?"

"ಯಾವ ಹುಡುಗ?"

"ಒಡಹುಟ್ಟಿದ ಅಣ್ಣಂದ್ರೇ ಬಾವಿಗ್ ತಳ್ಬುಟ್ರಲ್ಲ, ಆ ಉಡ್ಗ. ಮಿಕ್ಕಿದ್ದ ನಾಳೆ ಏಳ್ತೀನಿ ಅಂದಿದ್ರು ಸಾಂತಕ್ಕ. ಆಮೇಲ್ ಆಸ್ಪತ್ರೆ ಸೇರ್ಕಂಡ್ರು."

"ನಂಗೊತ್ತಿಲ್ಲ ಕಣಮ್ಮ."

"ಅಯ್ ಸಿವ್ನೆ! ನಿಮ್ಮನೇ ಪುಸ್ತಕ್ದಲ್ಲಿರೋದು ನಿಮ್ಗೇ ತಿಳೀದಾ? ಕಾಲೇಜ್ ಓದ್ದೋರಂತೆ!"

ನಲವತ್ತೊಂದು ವರ್ಷ ಯಾವ ಪುಸ್ತಕದ ಮೇಲೆ ವಾದ ಮಾಡಿದೆನೋ, ಅದರ ಒಂದು ಪುಟವನ್ನೂ ನಾನು ಓದಿರಲಿಲ್ಲ, ಶಾಂತಾ. ನಿನಗದು ಗೊತ್ತಿತ್ತು ಅಂತ ಕಾಣುತ್ತೆ. ಒಂದು ದಿನವಾದರೂ ಬಾಯಿಬಿಟ್ಟು ಅನ್ನಲಿಲ್ಲವಲ್ಲ.

ಅಂದು ಕನ್ನಡಕ ಹುಡುಕಿ, ನಿನ್ನ ಪುಸ್ತಕ ಹಿಡಿದು ಜಗಲಿಗೆ ಬಂದು ಕೂತೆ. ದಿನಕ್ಕಿಷ್ಟು ಅವಳಿಗೆ ಓದಿ ಹೇಳಿ ಮುಗಿಸೋಕೆ ಒಂದು ವಾರ ಹಿಡೀತು. ಅವನನ್ನ ಮಾರಿದ್ದು, ಜೈಲಿಗೆ ಹಾಕಿಸಿದ್ದು, ಅವನು ಮಂತ್ರಿಯಾದದ್ದು. ಮಾದೇವಮ್ಮ ಬೈದ ಬೈಗುಳ ನಿನಗೆ ಬರೆಯೋ ಹಾಗಿಲ್ಲ. ಬರ ಬಂದು ಅದೇ ಅಣ್ಣಂದಿರು ಧಾನ್ಯಕ್ಕಾಗಿ ಅವನ ಮುಂದೆ ನಿಂತರು ನೋಡು, "ಒದ್ದು ಓಡುಸ್ಲಾ!" ಅಂದಳು. ಅವನು ಒದೆಯಲಿಲ್ಲ. ನಾನು ನಿಮ್ಮ ತಮ್ಮ ಅಂತ ಹೇಳಿಕೊಂಡು ಗಟ್ಟಿಯಾಗಿ ಅತ್ತ. ಅಲ್ಲಿಗೆ ನನಗೂ ಅಕ್ಷರ ಕಾಣದ ಹಾಗಾಯ್ತು.

ಮಾದೇವಮ್ಮ ಸೆರಗಲ್ಲಿ ಮೂಗು ಒರೆಸಿಕೊಂಡು, "ಇದ ಯಾರ್ ಸಾ ಬರ್ದೋರು?" ಅಂದಳು. ನನ್ನ ಹಳೇ ಭಾಷಣ ಬಾಯಿತುದಿಗೇ ಬಂದಿತ್ತು. ಅಷ್ಟರಲ್ಲಿ ಅವಳೇ, "ಆ ಉಡ್ಗ ಯಾವ್ ಕಾಲ್ದವ್ನೋ, ಯಾವ್ ದೇಸ್ದವ್ನೋ. ಬಸ್ನಲ್ ಕೂತ್ರೂ ಅವ್ನ್ದೇ ಯೋಚ್ನೆ ನಂಗೆ. ಬರೀ ಮನ್ಸ ಬರುದ್ರೆ ಇಂಗಾದದಾ?" ಅಂದಳು.

"ಇಲ್ಲ ಕಣಮ್ಮ. ದೇವರೇ ಬರೆಸಿದ್ದು," ಅಂದೆ.

ಅವಳ ಸಮಾಧಾನಕ್ಕೆ ಅಂದದ್ದಲ್ಲ. ಹಾಗೇ ಅನ್ನಿಸಿ, ಬೀದಿಗೆಲ್ಲ ಕೇಳೋ ಹಾಗೆ ಅಂದೆ. ನಿನ್ನ ಮಂಚದ ಪಕ್ಕ ಕೂತು ಮೆಲ್ಲಗೆ ಅಂದಿದ್ದರೂ ಸಾಕಾಗಿತ್ತು, ಅಲ್ವಾ ಶಾಂತಾ?