ಹದಿನೇಳನೆಯ ಗಡಿಕಲ್ಲು

ಲಿಂಟ್ಸ್
17 ಅಕ್ಟೋಬರ್ 2019

ಬೆರ್ಟ್ಲ್‌ಗೆ,

ಮೊದಲು 'ಪ್ರೀತಿಯ ಅಣ್ಣ' ಎಂದು ಬರೆದಿದ್ದೆ. ಕೈಗೆ ಅಭ್ಯಾಸ, ಅದರ ತಪ್ಪಲ್ಲ. ಆ ಹಾಳೆ ಹರಿದು ಹಾಕಿ ಇದನ್ನು ತೆಗೆದುಕೊಂಡೆ. ನೀನು ಕ್ಷೇಮವಾಗಿದ್ದೀಯೆಂದು ಗೊತ್ತು. ಮೂರು ವಾರದ ಹಿಂದೆ ಕಣ್ಣಾರೆ ನೋಡಿದೆನಲ್ಲ, ಎಂಬತ್ತೊಂದರ ವಯಸ್ಸಿನಲ್ಲೂ ನೀನು ಆ ಏರು ಹತ್ತಿ ಬಂದು, ಏದುಸಿರು ಕೂಡ ಬಿಡದೆ ಸುಳ್ಳು ಹೇಳುತ್ತಿದ್ದೆ. ನನ್ನ ಮಂಡಿ ನೋವು ಹಾಗೇ ಇದೆ. ನೀನು ಕೇಳಲಿಲ್ಲ, ನಾನೇ ಹೇಳುತ್ತಿದ್ದೇನೆ.

ನಿನ್ನ ಕಾಗದ ಬಂದು ಏಳು ವಾರವಾಯಿತು. ತಡವಾಗಿದ್ದಕ್ಕೆ ಕ್ಷಮೆ ಕೇಳುವ ಜಾಗ ಇದು, ಕೇಳುವುದಿಲ್ಲ. ಅಮ್ಮ ತೀರಿಕೊಂಡಾಗ ಮಣ್ಣು ಮಾಡುವ ಹಿಂದಿನ ದಿನ ನನಗೆ ಸುದ್ದಿ ಮುಟ್ಟಿಸಿದವನು ನೀನು. ಏಳು ವಾರ ಯಾವ ಲೆಕ್ಕ?

ಆ ಕಾಗದಕ್ಕೆ ಎಷ್ಟು ಬೆಣ್ಣೆ ಹಚ್ಚಿದ್ದೆ! 'ಒಟ್ಟಿ, ಮುದ್ದು ತಂಗಿ' ಅಂತ ಶುರು. ಎಪ್ಪತ್ತೆರಡು ವರ್ಷದಲ್ಲಿ ನಾನು ನಿನಗೆ ಮುದ್ದಾದದ್ದು ಅದೇ ಮೊದಲು. 'ರೈಶ್‌ಬಾಖಿನವರು ನಮ್ಮ ನೆಲ ದಾಟಿಸಿ ನೀರಿನ ಪೈಪ್ ಹಾಕೋಕೆ ಅಗೆದಾಗ ಏನೋ ಹೆಂಚಿನ ಚೂರು ಸಿಕ್ತಂತೆ. ಅದನ್ನ ಹಿಡ್ಕೊಂಡು ಕುಣೀತಾ ಇದ್ದಾರೆ. ಹದಿನೇಳನೇ ಕಲ್ಲು ಜಾಗ ಬಿಟ್ಟು ಕೂತಿದೆ, ಒರತೆ ನಮ್ಮ ಕಡೇದು ಅಂತಾರೆ. ಅವತ್ತು ಎಲ್ಲೆ ಸುತ್ತಿದ ನಮ್ಮೂರ ಮಕ್ಕಳಲ್ಲಿ ಉಳಿದಿರೋಳು ನೀನೊಬ್ಳೇ. ಬಂದು, ಹಿಂದೆ ಕೋರ್ಟಲ್ಲಿ ಹೇಳಿದ್ದನ್ನೇ ಇನ್ನೊಂದ್ಸಲ ಹೇಳಿ ಹೋಗು. ಹೆಡ್ವಿಗ್ ಗಸಗಸೆ ಕೇಕ್ ಮಾಡ್ತಾಳೆ.' ಹೆಡ್ವಿಗ್ ಅತ್ತಿಗೆಯ ಗಸಗಸೆ ಕೇಕಿನ ಆಸೆಗೆ ನಾನು ಬಂದೇ ಬರುತ್ತೇನೆ ಎಂದುಕೊಂಡಿದ್ದೆ, ಅಲ್ಲವೆ?

ಕೊನೆಯಲ್ಲಿ 'ನಮ್ಮ ಊರಿನ ಮಾನದ ಪ್ರಶ್ನೆ' ಅಂತ ಬೇರೆ. ಯಾವ ಊರಪ್ಪಾ? ಡೋರ್ನ್‌ಲೈಟನ್ನೆ? ಆರುನೂರು ಚಿಲ್ಲರೆ ಜನ, ಮೂರರಲ್ಲಿ ಎರಡು ಪಾಲು ಕಾಡು, ಉಳಿದದ್ದರಲ್ಲಿ ಅರ್ಧ ಗ್ರಾನೈಟ್ ಬಂಡೆ. ಶಾಲೆಯಲ್ಲಿ ಮೇಷ್ಟ್ರು ನಮ್ಮಿಂದ ರಾಗವಾಗಿ ಹೇಳಿಸುತ್ತಿದ್ದರು: ಬಡಗಣಕ್ಕೆ ಬೊಹೀಮಿಯದ ಕಾಡು, ಮೂಡಣಕ್ಕೆ ರೈಶ್‌ಬಾಖ್, ತೆಂಕಣಕ್ಕೆ ಕಲ್ಲಿನ ಕ್ವಾರಿ, ಪಡುವಣಕ್ಕೆ ಯಾರಿಗೂ ಬೇಡವಾದ ಜೌಗು. ನಾನೂರು ವರ್ಷ ಮಠದ ಸೊತ್ತಾಗಿದ್ದ ನೆಲ ಅದು. 1850ರಲ್ಲಿ ಸರಕಾರ ಗೆರೆ ಎಳೆದು, 'ಇನ್ನು ಮೇಲೆ ನೀವೊಂದು ಪಂಚಾಯಿತಿ' ಅಂದಿತು. ಗೆರೆಯ ಉದ್ದಕ್ಕೂ ಇಪ್ಪತ್ಮೂರು ಕಲ್ಲು ನೆಟ್ಟರು, ಒಂದು ಮುಖಕ್ಕೆ ನಮ್ಮ ಊರಿನ ಅಕ್ಷರ, ಇನ್ನೊಂದಕ್ಕೆ ರೈಶ್‌ಬಾಖಿನದು. ಗೆರೆ ಬಿದ್ದ ಮರುದಿನದಿಂದಲೇ ನಾವು ರೈಶ್‌ಬಾಖಿನವರನ್ನು ಕಳ್ಳರು ಅನ್ನುವುದಕ್ಕೆ ಕಲಿತೆವು. ಮಾನ ಅಂದರೆ ನಮ್ಮಲ್ಲಿ ಅಷ್ಟೇ.

ಆ ದಿನ ನಿನಗೂ ನೆನಪಿದೆ. 1954ರ ನೆರೆ ಹಳ್ಳದ ದಾರಿಯನ್ನೇ ಬದಲಿಸಿಬಿಟ್ಟಿತ್ತು. ಮರುವರ್ಷದ ಮೇ ತಿಂಗಳಲ್ಲಿ ಎರಡೂ ಊರಿನ ಗಂಡಸರು ಎಲ್ಲೆ ಸುತ್ತಿ ಕಲ್ಲುಗಳನ್ನು ನೋಡಲು ಹೊರಟರು. ನಮ್ಮ ಕಡೆಯ ಮುಂದಾಳು ಅಪ್ಪ. ಜೊತೆಗೆ ಮಕ್ಕಳು, ಯಾಕೆಂದರೆ ಮಕ್ಕಳು ಹೆಚ್ಚು ದಿನ ಬದುಕುತ್ತಾರೆ. ಒಂದೊಂದು ಕಲ್ಲಿನ ಹತ್ತಿರ ಒಂದೊಂದು ಮಗುವಿನ ಕೆನ್ನೆಗೆ ಏಟು, ಸಾಯುವ ತನಕ ಆ ಜಾಗ ಮರೆಯಬಾರದೆಂದು. ಉಳಿದವರು ಸವರಿದ ಹಾಗೆ ಹೊಡೆದು, ನಕ್ಕು, ಕೈಗೆ ಸಕ್ಕರೆ ಹಚ್ಚಿದ ಬನ್ನು ಕೊಡುತ್ತಿದ್ದರು. ಹದಿನೇಳನೆಯ ಕಲ್ಲಿನ ಹತ್ತಿರ ಅಪ್ಪ ನನ್ನನ್ನು ಕರೆದ. ಎಂಟು ವರ್ಷ ನನಗೆ. ಅಪ್ಪ ಸವರಲಿಲ್ಲ. ಮೂಗಿನಲ್ಲಿ ರಕ್ತ ಬಂತು. "ಎಲ್ಲಿ ನಿಂತಿದ್ದೀಯ?" ಅಂದ. "ಕಲ್ಲಿನ ಹತ್ರ." "ಒರತೆ ಎಲ್ಲಿದೆ?" "ನಮ್ಮ ಕಡೆ." "ಮರೀಬೇಡ" ಅಂದ. ಬನ್ನು ಕೊಡುವುದನ್ನು ಅವನೇ ಮರೆತ.

ಒರತೆಯ ಪಕ್ಕದ ಜಮೀನು ನಮ್ಮ ಕಡೆಯಲ್ಲಿ ಅಪ್ಪನದು, ರೈಶ್‌ಬಾಖ್ ಕಡೆಯಲ್ಲಿ ಜೂಲಿಯಾನಳದು. ಗಂಡ ಯುದ್ಧದಿಂದ ಹಿಂದಿರುಗಿರಲಿಲ್ಲ, ಮಗ ಫ್ಲೋರಿಯಾನ್ ಇನ್ನೂ ಹನ್ನೊಂದರವನು. ಗಂಡಸರ ನಡುವೆ ಅವಳೊಬ್ಬಳೇ ಗಂಟಲು ಹರಿಯುವ ಹಾಗೆ ಕೂಗಿದಳು: "ಈ ಕಲ್ಲು ಇಲ್ಲಿರ್ಲಿಲ್ಲ ಕಣ್ರಯ್ಯಾ! ಕೆಳಗಿತ್ತು! ನಾನು ದಿನಾ ಹಸು ನೀರಿಗೆ ಹೊಡ್ಕೊಂಡ್ ಬರ್ತೀನಿ, ನನಗ್ ಗೊತ್ತಿಲ್ವಾ?" ಅಪ್ಪ ಅಂದ, "ನಿಂಗೆ ಹಸು ಗೊತ್ತು ಕಣಮ್ಮ. ಎಲ್ಲೆ ಗಂಡಸ್ರಿಗೆ ಬಿಡು." ಎರಡೂ ಊರಿನವರು ನಕ್ಕರು. ಅವಳ ಊರಿನವರೂ ನಕ್ಕರು. ಮೂಗು ಒರೆಸಿಕೊಳ್ಳುತ್ತಾ ನಾನೂ ನಕ್ಕೆ, ಅದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ಹದಿನಾರು ವರ್ಷ ಅವಳು ಕೆಳಗಿನ ಬಾವಿಯಿಂದ ನೀರು ಹೊತ್ತಳು. 1971ರಲ್ಲಿ ಬಾವಿಯೂ ಬತ್ತಿದ ಮೇಲೆ ಕೋರ್ಟಿಗೆ ಹೋದಳು. ಅಷ್ಟು ಹೊತ್ತಿಗೆ ನನಗೂ ಫ್ಲೋರಿಯಾನನಿಗೂ ಮದುವೆಯ ಮಾತಾಗಿತ್ತು. ಆ ಶರತ್ಕಾಲಕ್ಕೆ ಚರ್ಚಿನಲ್ಲಿ ನಮ್ಮ ಹೆಸರು ಕೂಗಿಸುವುದೆಂದು ನಿಶ್ಚಯವಾಗಿತ್ತು. ಅಪ್ಪನ ವಕೀಲ ನನ್ನನ್ನು ಸಾಕ್ಷಿಗೆ ಕರೆದಾಗ ಹೋಗಿ ಫ್ಲೋರಿಯಾನನ ಮುಂದೆ ಅತ್ತೆ. ಅವನೇ ಸಮಾಧಾನ ಮಾಡಿದ: "ನಿಂಗೇನ್ ಗೊತ್ತೋ ಅದನ್ನ ಹೇಳು ಒಟ್ಟಿ. ನಿಜ ಹೇಳಿದ್ರೆ ನಂಗೇನ್ ಬೇಜಾರಿಲ್ಲ. ಅಮ್ಮನ್ನ ನಾನು ನೋಡ್ಕೋತೀನಿ." ನಾನು ಶಿಲುಬೆಯ ಮುಂದೆ ಕೈಯೆತ್ತಿ ಪ್ರಮಾಣ ಮಾಡಿ, ಏಟು ಬಿದ್ದ ಜಾಗ ಹೇಳಿದೆ. ನ್ಯಾಯಾಧೀಶ ನನ್ನ ಮಾತನ್ನೇ ತೀರ್ಪಿನಲ್ಲಿ ಬರೆದ. ಜೂಲಿಯಾನ ಹಸುಗಳನ್ನು ಮಾರಿದಳು. ಫ್ಲೋರಿಯಾನ್ ಅವತ್ತಿನಿಂದ ನನ್ನ ಜೊತೆ ಒಂದು ಮಾತೂ ಆಡಲಿಲ್ಲ. ಎದುರಿಗೆ ಬಂದರೆ ರಸ್ತೆ ದಾಟುತ್ತಿದ್ದ. ಮಾತು ಕೊಟ್ಟು ಮುರಿದ ಹೇಡಿ ಎಂದು ಅವನನ್ನು ಬೈದುಕೊಂಡು ನಾನು ಲಿಂಟ್ಸಿಗೆ ಬಂದೆ, ದರ್ಜಿ ಕೆಲಸ ಕಲಿತೆ, ಒಂಟಿಯಾಗಿ ಬದುಕಿದೆ.

ಈಗ ಮೂರು ವಾರದ ಹಿಂದಿನ ಮಂಗಳವಾರಕ್ಕೆ ಬರೋಣ. ನಿನ್ನ ಮೊಮ್ಮಕ್ಕಳ ವಯಸ್ಸಿನ ಆ ಸರ್ವೆ ಹುಡುಗಿ ಎಷ್ಟು ಮರ್ಯಾದೆಯಿಂದ ವಿವರಿಸಿದಳು! ಹಳೆಯ ಕಾಲದಲ್ಲಿ ಗಡಿಕಲ್ಲು ನೆಡುವ ಮೊದಲು ಗುಂಡಿಯಲ್ಲಿ ಒಂದು ಹೆಂಚನ್ನು ಮೂರು ಚೂರು ಮಾಡಿ ಗುಟ್ಟಾಗಿ ಹೂಳುತ್ತಿದ್ದರಂತೆ. ಕಲ್ಲು ಕಿತ್ತವನಿಗೆ ಅದು ತಿಳಿದಿರುವುದಿಲ್ಲ. ಕಲ್ಲು ಹೋದರೂ ಹೆಂಚು ಅಲ್ಲೇ ಉಳಿಯುತ್ತದೆ. ಅಷ್ಟು ಹೇಳಿ, ಪೈಪಿಗೆ ಅಗೆದಲ್ಲಿ ಸಿಕ್ಕ ಮೂರು ಚೂರುಗಳನ್ನು ನನ್ನ ಕೈಗೆ ಕೊಟ್ಟಳು. ನೀನು ಎಲ್ಲರಿಗೂ ಕೇಳುವ ಹಾಗೆ ಅಂದೆ, "ಎಲ್ಲಿ ಅಗೆದ್ರೂ ಹೆಂಚು ಸಿಗುತ್ತೆ ಕಣಮ್ಮ. ನಮ್ಮ ಹಂದಿ ಕೊಟ್ಟಿಗೆ ಹಿಂದೆ ಒಂದು ಗಾಡಿ ಇದೆ, ಬೇಕಾ?"

ನಾನು ಚೂರುಗಳನ್ನು ಜೋಡಿಸಿದೆ. ಕೂದಲೆಳೆ ಸಂದಿಲ್ಲದೆ ಕೂತವು. ಈಗಿರುವ ಕಲ್ಲಿನ ಬುಡವನ್ನೂ ಅಗೆದು ತೋರಿಸಿದರು, ಬರೀ ಮಣ್ಣು. ಎರಡರ ನಡುವೆ ಮೂವತ್ತನಾಲ್ಕು ಹೆಜ್ಜೆ, ಒರತೆ ಇರುವುದು ಆ ಹೆಜ್ಜೆಗಳ ಒಳಗೆ.

ನಮ್ಮ ಮೇಯರ್ ಪಾಪ, ಎಲ್ಲರ ಮಾನ ಉಳಿಸಲು ನೋಡಿದ. "ನೆರೆಯಲ್ಲಿ ಕೊಚ್ಕೊಂಡು ಬಂದಿರ್ಬೇಕು ಬಿಡಿ. ಯಾರದ್ದೂ ತಪ್ಪಿಲ್ಲ." ನೀನು ಕೂಡಲೇ ಅದನ್ನು ಹಿಡಿದುಕೊಂಡೆ: "ಅದೇ ಮತ್ತೆ! ನೆರೆ ಏನ್ ಕಡಿಮೆ ಇತ್ತಾ?" ನಾನು ಕೇಳಿದೆ, ನೆರೆ ಕಲ್ಲನ್ನು ಏರು ಹತ್ತಿಸುತ್ತದೆಯೆ? ಹೆಂಚು ಕೆಳಗಿದೆ, ಕಲ್ಲು ಮೇಲಿದೆ. ರೈಶ್‌ಬಾಖಿನವನೊಬ್ಬ ಕಿಸಕ್ಕೆಂದ. ನೀನು ನನ್ನ ತೋಳು ಹಿಡಿದು ಮರಗಳ ಹಿಂದಕ್ಕೆ ಎಳೆದುಕೊಂಡು ಹೋದೆ.

ಅಲ್ಲಿ ನಡೆದ ಮಾತನ್ನು ಬರೆದಿಡುತ್ತೇನೆ, ನಾಳೆ ನೀನು ಇಲ್ಲ ಅನ್ನಬಾರದು. ಎಲ್ಲೆ ಸುತ್ತುವ ಹಿಂದಿನ ಭಾನುವಾರ ಊರಿಗೆ ಊರೇ ಚರ್ಚಿನ ಪೂಜೆಗೆ ಹೋದಾಗ, ಹೊಟ್ಟೆನೋವೆಂದು ಮನೆಯಲ್ಲಿ ಉಳಿದವನು ನೀನು. ಎತ್ತಿಗೆ ಕಾಲು ಕುಂಟು ಎಂದು ಉಳಿದವನು ಅಪ್ಪ. "ನೀನಿದ್ಯಾ?" ಎಂದು ಕೇಳಿದೆ. ನೀನು ನೆಲ ನೋಡಲಿಲ್ಲ, ನಾಚಲಿಲ್ಲ. "ಇದ್ದೆ. ಅಪ್ಪ ಹಾರೆ ಹಾಕ್ದ, ನಾನು ಎತ್ತು ಹೊಡ್ದೆ. ಹದಿನೇಳು ವರ್ಷಕ್ಕೆ ಅಪ್ಪನಿಗೆ ಆಗಲ್ಲ ಅನ್ನೋಕಾಗತ್ತಾ?" "ಕೋರ್ಟಿನ ದಿನ ನಿಂಗೆ ಹದಿನೇಳಲ್ಲ, ಮೂವತ್ಮೂರು. ಅವತ್ತು ನಾಲಿಗೆ ಬಿದ್ದೋಗಿತ್ತಾ?" "ನೀನು ಚೆನ್ನಾಗಿ ಹೇಳ್ತಿದ್ಯಲ್ಲ, ನಾನ್ಯಾಕೆ ಮಧ್ಯ ಬಾಯಿ ಹಾಕ್ಲಿ?" ಆಮೇಲೆ ನನ್ನ ಬೆನ್ನು ತಟ್ಟಿ ಅಂದೆ, "ಸತ್ತೋರ ತಲೆ ಮೇಲೆ ಯಾಕೆ ಗೂಬೆ ಕೂರಿಸ್ತೀಯ. ಹಿಂದಿನ ಮಾತನ್ನೇ ಹೇಳು, ಊಟಕ್ಕೆ ಹೋಗೋಣ."

ಆ ಕೆನ್ನೆಯೇಟಿನ ಬಗ್ಗೆ ಅರವತ್ತನಾಲ್ಕು ವರ್ಷ ನನಗೊಂದು ಹೆಮ್ಮೆಯಿತ್ತು, ಗೊತ್ತೆ? ಊರಿನ ಎಲ್ಲೆಯನ್ನು ಅಪ್ಪ ನನ್ನಲ್ಲಿಟ್ಟಿದ್ದಾನೆ, ಗಂಡುಮಗನಿಗೆ ಕೊಡದ್ದನ್ನು ನನಗೆ ಕೊಟ್ಟಿದ್ದಾನೆ ಎಂದು. ಅವನು ನನ್ನೊಳಗೆ ಸುಳ್ಳನ್ನಿಟ್ಟು ಮೇಲಿಂದ ಮುದ್ರೆ ಒತ್ತಿದ್ದ. ನನ್ನನ್ನೇ ಯಾಕೆ ಆರಿಸಿದನೆಂದೂ ಈಗ ಗೊತ್ತಾಯಿತು. ಮನೆಯಲ್ಲಿ ಸುಳ್ಳು ಹೇಳಲು ಬಾರದವಳು ನಾನೊಬ್ಬಳೇ.

ವಾಪಸು ಬಂದು ನಾನು ಏನು ಹೇಳಿದೆನೆಂದು ನೀನೇ ಕೇಳಿಸಿಕೊಂಡೆ. ಏಟು ತಿಂದದ್ದು ಮೇಲಿನ ಜಾಗದಲ್ಲಿ. ಕಲ್ಲಿನ ನಿಜವಾದ ಜಾಗ ಕೆಳಗಿನದು. ಕೋರ್ಟಿನಲ್ಲಿ ನಾನು ಕೊಟ್ಟ ಸಾಕ್ಷಿ ಸುಳ್ಳು, ನಿಜವೆಂದು ನಂಬಿ ಹೇಳಿದ ಸುಳ್ಳು. ಸರ್ವೆ ಹುಡುಗಿ ಬರೆದುಕೊಂಡಳು, ನಾನು ಸಹಿ ಹಾಕಿದೆ. ನೀನು ಎಲ್ಲರೆದುರು ಅಂದೆ: "ನನ್ನ ತಂಗಿಗೆ ವಯಸ್ಸಾಯ್ತು, ಅರಳು ಮರಳು." ನಿನಗಿಂತ ಒಂಬತ್ತು ವರ್ಷ ಚಿಕ್ಕವಳು ನಾನು, ಮಹಾನುಭಾವ.

ಈಗ ವಿಷಯಕ್ಕೆ ಬರುತ್ತೇನೆ. ಇದರ ಜೊತೆ ಇರುವ ಹಾಳೆಯನ್ನು ಆ ಹುಡುಗಿಯೇ ಬರೆದುಕೊಟ್ಟಿದ್ದಾಳೆ. 'ಕಲ್ಲನ್ನು ಸರಿಸಿದಾಗ ನಾನು ಅಲ್ಲಿದ್ದೆ' ಎಂಬ ಒಂದೇ ವಾಕ್ಯ, ಕೆಳಗೆ ನಿನ್ನ ಹೆಸರು. ನೀನು ಸಹಿ ಹಾಕಿದರೆ ಕೋರ್ಟಿಲ್ಲದೆ ಕಲ್ಲು ತನ್ನ ಜಾಗಕ್ಕೆ ಹೋಗುತ್ತದೆ, ಒರತೆ ಫ್ಲೋರಿಯಾನನ ಜಮೀನಿಗೆ ಸೇರುತ್ತದೆ. ಹಾಕದಿದ್ದರೆ ಆರೇಳು ವರ್ಷ ಎಳೆಯುತ್ತದೆ. ಅವನಿಗೀಗ ಎಪ್ಪತ್ತೈದು, ರೈಶ್‌ಬಾಖಿನ ವೃದ್ಧಾಶ್ರಮದಲ್ಲಿದ್ದಾನೆ. ಅವನು ಸಾಯಲೆಂದು ನೀನು ಕಾಯುತ್ತಿದ್ದೀಯ. ನಿನ್ನ ಎಣಿಕೆ ನನಗೆ ಗೊತ್ತು. ಮೂರು ಬೇಸಿಗೆಯಿಂದ ಆ ಊರಿಗೆ ಟ್ಯಾಂಕರಿನಲ್ಲಿ ನೀರು ಬರುತ್ತಿದೆ. ನೀನು ನಮ್ಮ ಒರತೆಯ ನೀರನ್ನು ಮೀನಿನ ಕೊಳಕ್ಕೆ ಬಿಟ್ಟುಕೊಂಡು ಅದರ ದಂಡೆಯ ಮೇಲೆ ಬಿಯರ್ ಕುಡಿಯುತ್ತೀಯ. ನಮ್ಮ ಒರತೆ ಎಂದು ಬರೆದೆ ನೋಡು. ಅಪ್ಪನ ಏಟು ಇನ್ನೂ ಕೈ ಬಿಟ್ಟಿಲ್ಲ.

ಹೆಡ್ವಿಗ್ ಅತ್ತಿಗೆಗೆ ನನ್ನ ನಮಸ್ಕಾರ ಹೇಳು. ಕೇಕ್ ತಿನ್ನದೆ ಹೊರಟದ್ದು ಅವರ ಮೇಲಿನ ಕೋಪಕ್ಕಲ್ಲ. ಮೊಮ್ಮಕ್ಕಳಿಗೆ ದೇವರು ಆಯುಸ್ಸು, ಆರೋಗ್ಯ, ನೆಟ್ಟಗಿನ ನಾಲಿಗೆ ಕೊಡಲಿ. ನಿನಗೂ ಆಯುಸ್ಸು ಕೊಡಲಿ, ಸಹಿ ಹಾಕುವ ತನಕ.

ಒಟ್ಟೀಲಿಯ

ಮರೆತ ಮಾತು: ಮರೆತಿಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಕಳೆದ ಭಾನುವಾರ ಫ್ಲೋರಿಯಾನನನ್ನು ನೋಡಲು ಹೋಗಿದ್ದೆ. ನನಗೇ ಗೊತ್ತಿಲ್ಲದೆ ಸುಳ್ಳು ಹೇಳಿಬಿಟ್ಟೆ, ಕ್ಷಮಿಸು ಎಂದು ಕೇಳಲು. ಅವನು ಅಂದ, "ಗೊತ್ತಿಲ್ದೇನಾ? ಅವತ್ತು ಕೋರ್ಟಿನ ಮೆಟ್ಟಿಲ ಮೇಲೆ ನಿಮ್ಮಣ್ಣ ನನ್ ಭುಜದ ಮೇಲೆ ಕೈ ಹಾಕಿ ಹೇಳಿದ್ನಲ್ಲ. 'ನನ್ ತಂಗಿಗೆ ಮೊದಲಿಂದ್ಲೂ ಗೊತ್ತು ಕಣೋ, ಗೊತ್ತಿದ್ದೇ ಹೇಳಿದ್ಲು, ಅವಳಿಗೆ ನಿನಗಿಂತ ಅಪ್ಪನ ಮನೆ ದೊಡ್ಡದು, ಸುಮ್ನೆ ಅವಳ ಹಿಂದೆ ಬರ್ಬೇಡ' ಅಂತ." ಒಂದು ಮಾತು ನನ್ನನ್ನು ಕೇಳಬಾರದಿತ್ತಾ ಅಂದೆ. "ಸ್ವಂತ ಅಣ್ಣ ಹೇಳ್ದ ಮೇಲೆ ಇನ್ನೇನ್ ಕೇಳ್ಲಿ?" ಅಂದ. ನಲವತ್ತೆಂಟು ವರ್ಷ ಬೆರ್ಟ್ಲ್, ನಾನು ತಪ್ಪು ಮನುಷ್ಯನನ್ನು ದ್ವೇಷಿಸಿದೆ. ಅವನ ಕೈ ಈಗ ನಡುಗುತ್ತದೆ, ಕಾಫಿಯನ್ನು ನಾನೇ ಹಿಡಿದು ಕುಡಿಸಿದೆ. ಇನ್ನು ಮೇಲೆ ಪ್ರತಿ ಭಾನುವಾರ ಹೋಗುತ್ತೇನೆ. ನೀನು ಸಹಿ ಹಾಕಿದರೆ ಅವನ ನೀರು ಅವನಿಗೆ ಸಿಗುತ್ತದೆ. ನನಗೆ ವಾಪಸು ಕೊಡುವಂಥದ್ದು ನಿನ್ನ ಹತ್ತಿರ ಏನೂ ಇಲ್ಲ.