ಮೊಗ್ಗಿನಲ್ಲೇ ಕತ್ತರಿಸು, ಅಮ್ಮ

ವಿದ್ಯಾರ್ಥಿನಿಯರ ಹಾಸ್ಟೆಲ್, ಯೆಲ್ಗಾವಾ
ಮಾರ್ಚ್ 2, 1992

ಪ್ರೀತಿಯ ಅಮ್ಮ,

ನಿನ್ನ ಬೈಗುಳದ ಪತ್ರ ಓದಿ, ಪುಸ್ತಕ ಮುಚ್ಚಿಟ್ಟು ಇದನ್ನು ಬರೆಯುತ್ತಿದ್ದೇನೆ. ನಾಳೆ ಕೆಮಿಸ್ಟ್ರಿ ಟೆಸ್ಟ್ ಬೇರೆ. ಆದರೂ ಸಾರಿ ಕೇಳುವುದಿಲ್ಲ. ಹೌದು, ರೈಲ್ವೆ ಸ್ಟೇಷನ್ ಮುಂದೆ ನಿಂತು ನಮ್ಮ ಟುಲಿಪ್ ಮಾರಿದವಳು ನಾನೇ. ನೀನು ಗೊಬ್ಬರದ ಗುಂಡಿಗೆ ಸುರಿಯಲು ಇಟ್ಟಿದ್ದ ಬಕೆಟ್ಟಿನ ಹೂವು ಅದು.

ಅಲ್ಲಿ ನನ್ನನ್ನು ಕಂಡ ಪಕ್ಕದ ಮನೆ ಬಿರುತಾ ಆಂಟಿ ನಿನಗೆ ಅರ್ಧ ಚಾಡಿ ಮಾತ್ರ ಹೇಳಿದ್ದಾರೆ. "ಸರ್ಕಾರಿ ಫಾರ್ಮಿನ ಲೀಡರ್ ಮಗಳಾಗಿ ಬೀದಿ ವ್ಯಾಪಾರಕ್ಕಿಳಿದ್ಯಾ? ಮೊದಲಾಗಿದ್ರೆ ಪೊಲೀಸ್ರು ಎಳ್ಕೊಂಡು ಹೋಗ್ತಿದ್ರು!" ಎಂದರು. "ಈಗ ಪೊಲೀಸ್ರೇ ಹೆಂಡ್ತಿಗೆ ಅಂತ ತಗೊಂಡು ಹೋದ್ರು ಆಂಟಿ, ನಿಮಗೆಷ್ಟು ಕೊಡ್ಲಿ?" ಅಂದೆ. "ಹೂವೆಲ್ಲ ಅರಳಿ ಬಾಯಿ ಬಿಟ್ಟಿದ್ಯಲ್ಲೇ, ಸಂಜೆಗೇ ಉದುರುತ್ತೆ" ಎಂದು ಗೊಣಗುತ್ತಲೇ ಅವರೂ ಕೊಂಡರು.

ಅವರ ಗೊಣಗಾಟ ನ್ಯಾಯವೇ. ಸರ್ಕಾರಿ ಲಾರಿ ಬಂದು ನಿಂತ ಮೇಲೇ ಹೂ ಕತ್ತರಿಸುವ ಅಭ್ಯಾಸ ನಿನಗಿನ್ನೂ ಹೋಗಿಲ್ಲ. ಮಾಸ್ಕೋದವರ ಸರ್ಕಾರವೇ ಹೋಗಿರುವಾಗ ಲಾರಿ ಎಲ್ಲಿಂದ ಬರಬೇಕು? ಫಾರ್ಮ್ ಒಡೆದು ಹಂಚಿ, ಹೂ ಬೆಳೆಯುವ ಗಾಜಿನಮನೆ ನಿನ್ನ ಪಾಲಿಗೆ ಬಂದಿದೆ. ಈ ಭಾನುವಾರದ ಮಹಿಳಾ ದಿನಕ್ಕೆ ಹೂ ಮಾರಿ, ಅದನ್ನು ಬೆಚ್ಚಗಿಡಲು ಕಲ್ಲಿದ್ದಲು ತರದಿದ್ದರೆ ಅದು ಕೈಬಿಟ್ಟು ಹೋಗುತ್ತದೆ.

ಅದಕ್ಕೇ ಮೊಗ್ಗು ಬಿಗಿಯಾಗಿರುವಾಗಲೇ ಕತ್ತರಿಸು. ಒದ್ದೆ ಪೇಪರಿನಲ್ಲಿ ಸುತ್ತಿ ಶುಕ್ರವಾರ ಬೆಳಗಿನ ಬಸ್ಸಿಗೆ ಹಾಕು; ಡ್ರೈವರ್‌ಗೆ ಹೇಳಿದ್ದೇನೆ. ಹೂ ಬರದಿದ್ದರೆ ಶನಿವಾರ ನಾನೇ ಬಂದು ಕತ್ತರಿಸುತ್ತೇನೆ. ಬಾಗಿಲಿಗೆ ಬೀಗ ಮಾತ್ರ ಹಾಕಬೇಡ, ನಮ್ಮದೇ ಗಾಜು ಒಡೆಯಲು ನನಗೆ ಮನಸ್ಸಿಲ್ಲ.

ನಿನ್ನದೇ ಹಟ ಹೊತ್ತುಕೊಂಡು ಹುಟ್ಟಿದ
ದಾಗ್ನಿಯಾ