ಬೇತಮಂಗಲದ ಮೂರು ಬೆಳಗು

ರಾಬರ್ಟ್‌ಸನ್‌ಪೇಟೆ, ಕೆ.ಜಿ.ಎಫ್.
೧೯ ಫೆಬ್ರವರಿ ೧೯೬೧

ಆದಿನಾರಾಯಣ ಅವರಿಗೆ, ವೆಂಕಟರತ್ನಮ್ಮನ ನಮಸ್ಕಾರ.

ಗಂಡನ ಹೆಸರು ಬರೆದುಬಿಟ್ಟಳಲ್ಲ ಎಂದು ಬೇಸರಿಸಬೇಡಿ. ಬೇರೆ ಏನೆಂದು ಶುರು ಮಾಡಲಿ ಎಂದು ಮೂರು ಹಾಳೆ ಹರಿದು ಹಾಕಿದೆ. ನೀವು ಮದರಾಸಿಗೆ ಹೋಗಿ ನಾಲ್ಕು ವರ್ಷವಾಯಿತು, ಹಳೆಯ ಒಕ್ಕಣೆಗಳು ಕೈಗೆ ಬರಲೊಲ್ಲವು. ಇಲ್ಲಿ ನಿಮ್ಮ ತಾಯಿಯೂ ನಾನೂ ಕ್ಷೇಮ. ಚಳಿಗೆ ಅತ್ತೆಯ ಮಂಡಿ ಹಿಡಿಯುತ್ತದೆ, ಬಾಯಿ ಮಾತ್ರ ಮೊದಲಿನಂತೆಯೇ ಇದೆ.

ಜನವರಿ ಮೊದಲ ವಾರ ನಿಮ್ಮ ಕಾಗದ ಬಂತು. ಸುಮ್ಮನೆ ಬಿದ್ದಿರುವ ದೊಡ್ಡ ಕ್ಯಾಮೆರಾವನ್ನು ರೈಲಿನಲ್ಲಿ ಪಾರ್ಸೆಲ್ ಹಾಕಿಸು, ಸ್ಟುಡಿಯೋ ಖಾಲಿ ಮಾಡಿ ಅಮ್ಮನನ್ನು ಕರೆದುಕೊಂಡು ನಿನ್ನ ತವರಿಗೆ ಹೋಗಿರು ಎಂದು ಬರೆದಿದ್ದಿರಿ. ಉತ್ತರಕ್ಕೆ ಒಂದೂವರೆ ತಿಂಗಳು ಹಿಡಿಯಿತು. ಕ್ಯಾಮೆರಾ ಬರುವುದಿಲ್ಲ. ಯಾಕೆಂದು ಹೇಳುತ್ತೇನೆ, ಪೂರ್ತಿ ಓದಿ.

ಅದು ಸುಮ್ಮನೆ ಬಿದ್ದಿಲ್ಲ. ನೀವು ಹೋದ ಎರಡನೇ ತಿಂಗಳಿಗೇ ನಾನು ಅದರ ಕಪ್ಪು ಬಟ್ಟೆಯೊಳಗೆ ತಲೆ ಹಾಕಿದೆ. ಈ ಸಂಗತಿಯನ್ನು ಯಾವ ಕಾಗದದಲ್ಲೂ ನಿಮಗೆ ತಿಳಿಸಿರಲಿಲ್ಲ. ಕೆಂಪು ದೀಪದ ಕೋಣೆಯಲ್ಲಿ ಐದು ವರ್ಷ ನಿಮ್ಮ ಫೋಟೋದ ಗಾಜಿನ ಪ್ಲೇಟು ತೊಳೆದವಳಿಗೆ ಔಷಧಿಗಳ ಹದ ಗೊತ್ತಿತ್ತು. ಬೆಳಕಿನ ಹದ ಗೊತ್ತಿರಲಿಲ್ಲ, ಅದನ್ನು ಗಾಜು ಹಾಳುಮಾಡುತ್ತಲೇ ಕಲಿತೆ. ಚಾಂಪಿಯನ್ ರೀಫ್ಸ್ ಗಣಿಯ ಕೂಲಿ ಲೈನುಗಳ ಹೆಂಗಸರು ಮೊದಲು ಬಂದರು. ಫೋಟೋ ತೆಗೆಯುವವಳೂ ಹೆಂಗಸು ಅಂತ ನಾಚಿಕೆ ಬಿಟ್ಟು ಕೂತರು. ಈಗ ಅವರ ಗಂಡಂದಿರೂ ತಲೆ ಬಾಚಿಕೊಂಡು ಬರುತ್ತಾರೆ.

ಡಿಸೆಂಬರಿನಲ್ಲಿ ಪೇಪರಿನಲ್ಲೊಂದು ಪ್ರಕಟಣೆ ನೋಡಿದೆ. ಬೆಂಗಳೂರಿನಲ್ಲಿ ಛಾಯಾಚಿತ್ರ ಪ್ರದರ್ಶನ, ಬೆಳಗಿನ ಹೊತ್ತಿನ ಕೆರೆಯ ಚಿತ್ರಕ್ಕೆ ಬಹುಮಾನ. ಗೋಡೆಯ ಪರದೆ ಮುಂದೆ ಕೂರಿಸಿದ ಮುಖಗಳನ್ನೇ ತೆಗೆದವಳಿಗೆ ಆಸೆಯಾಯಿತು. ಅಷ್ಟರಲ್ಲಿ ನಿಮ್ಮ ಕಾಗದ. ಅತ್ತೆಗೆ ಓದಿ ಹೇಳಿದೆ. ಎಲೆಅಡಿಕೆ ಅಗಿಯುತ್ತಾ ಪೂರ್ತಿ ಕೇಳಿ ಅವರೆಂದದ್ದು ಇಷ್ಟು: “ಆ ಕ್ಯಾಮ್ರಾ ನನ್ ಗಂಡ ತಂದಿದ್ದು. ಇಪ್ಪತ್ತಾರು ವರ್ಸ ಗಣಿಯೊಳಕ್ಕೆ ಇಳ್ದು ಈ ಮನೆಗೆ ಅಂತ ತಂದಿದ್ದು, ಅವನೊಬ್ನಿಗೇ ಅಲ್ಲ. ಮೊದ್ಲು ನೀನು ಕೆರೆ ಫೋಟ ತೆಗಿ ನೋಡನ. ಬರ್ನಿಲ್ಲ ಅಂದ್ರೆ ನಾನೇ ಮುಂದೆ ನಿಂತು ಪಾರ್ಸಲ್ ಕಟ್ಟಿಸ್ತೀನಿ.”

ತಮಾಷೆಗೆ ಹೇಳಿದ ಮಾತಲ್ಲ ಅದು. ಅವರ ಮುಖ ನಿಮಗೆ ಗೊತ್ತಲ್ಲ.

ಕೆರೆ ಚಿತ್ರಕ್ಕೆಂದು ಅತ್ತೆಯೂ ನಾನೂ ಬೇತಮಂಗಲಕ್ಕೆ ಮೂರು ಸಲ ಹೋದೆವು. ಹಿಂದಿನ ದಿನದ ಬಸ್ಸಿಗೆ ಹೋಗಿ ನಿಮ್ಮ ಸೋದರಮಾವ ಕದಿರಪ್ಪನವರ ಮನೆಯಲ್ಲಿ ಉಳಿದು, ಕೋಳಿ ಕೂಗುವಾಗ ಎದ್ದು ಕೆರೆಗೆ ಹೋಗುವುದು. ಮೂರು ಕಾಲಿನ ಸ್ಟ್ಯಾಂಡು ಅತ್ತೆಯ ತಲೆಯ ಮೇಲೆ, ಕ್ಯಾಮೆರಾ ಪೆಟ್ಟಿಗೆ ನನ್ನ ಸೊಂಟದ ಮೇಲೆ. ಒಂದು ಸಲಕ್ಕೆ ಎರಡೇ ಪ್ಲೇಟು.

ಮೊದಲ ಸಲ ಏರಿಯ ಮೇಲೆ ನಿಂತೆ. ಸೂರ್ಯ ಯಾವಾಗಲೂ ಬೆನ್ನಿಗಿರಬೇಕು ಎಂದು ನೀವು ಹೇಳುತ್ತಿದ್ದಿರಲ್ಲ, ಅದೇ ಪ್ರಕಾರ ನಿಂತು, ಚೆನ್ನಾಗಿ ಬಿಸಿಲು ಬೀಳುವವರೆಗೆ ಕಾದು ತೆಗೆದೆ. ಮನೆಗೆ ಬಂದು ತೊಳೆದು ನೋಡಿದರೆ ಎಲ್ಲವೂ ಇದೆ: ನೀರು, ದಡ, ಮರ. ಜೀವ ಮಾತ್ರ ಇಲ್ಲ. ನೀರು ಬರೆಯುವ ಸ್ಲೇಟಿನ ಹಾಗೆ ಬಿದ್ದುಕೊಂಡಿದೆ. ನನ್ನ ನೆರಳೂ ಸ್ಟ್ಯಾಂಡಿನ ನೆರಳೂ ಕೆಳಗಡೆ ಉದ್ದಕ್ಕೆ ಚಾಚಿಕೊಂಡಿವೆ.

ಎರಡನೇ ಸಲ ಸಿಟ್ಟಿನಿಂದ ಆಚೆ ದಡಕ್ಕೆ ಹೋಗಿ ಸೂರ್ಯನಿಗೇ ಎದುರಾಗಿ ನಿಂತೆ. ಎರಡು ಪ್ಲೇಟೂ ಸುಟ್ಟು ಹೋದವು. ಕಾಗದಕ್ಕೆ ಇಳಿಸಿದರೆ ನಡುವೆ ಬರೀ ಬಿಳಿ. ತೆಗೆಯುವಾಗಲೇ ಹೀಗಾಗುತ್ತದೆಂದು ಗೊತ್ತಾಗಿತ್ತು, ಅವತ್ತು ವಾಪಸು ಬರುವ ಬಸ್ಸಿನಲ್ಲೇ ಅಳು ಬಂತು. ಚಿತ್ರ ಕಳಿಸಲು ಉಳಿದಿದ್ದದ್ದು ಎಂಟು ದಿನ. ಕ್ಯಾಮೆರಾ ಕಟ್ಟಲು ಗೋಣಿತಾಟು ಎಲ್ಲಿದೆ ಎಂದು ಮನಸ್ಸಿನಲ್ಲೇ ಹುಡುಕತೊಡಗಿದ್ದೆ. ಅತ್ತೆ ಕಿಟಕಿಯ ಕಡೆ ನೋಡುತ್ತಲೇ ಕೇಳಿದರು: “ಅವ್ನು ಯೋಳಿದ್ದ ತಾವ ಒಂದ್ಸಲ ನಿಂತೆ, ಅವ್ನ್ ಮ್ಯಾಲಿನ ಕ್ವಾಪಕ್ಕೆ ಒಂದ್ಸಲ ನಿಂತೆ. ಕೆರೆ ನೋಡಿ ಯಾವಾಗಮ್ಮಿ ನಿಂತ್ಕೊಳ್ಳೋದು?”

ಆ ಕೆರೆಯ ದಡದಲ್ಲಿ ಹುಟ್ಟಿ ಬೆಳೆದವರನ್ನು ಪಕ್ಕದಲ್ಲಿಟ್ಟುಕೊಂಡು ನಾನು ಒಂದು ಮಾತೂ ಕೇಳಿರಲಿಲ್ಲ.

ಮೂರನೇ ಸಲ ಜಾಗ ಅವರೇ ತೋರಿಸಿದರು. ಏರಿಯಿಂದ ಎಡಕ್ಕೆ ಇಳಿದರೆ ಬಟ್ಟೆ ಒಗೆಯುವ ಬಂಡೆಗಳಿವೆ. ಮದುವೆಗೆ ಮುಂಚೆ ಅವರು ದಿನಾ ಬರುತ್ತಿದ್ದ ಜಾಗ. “ಈ ತಿಂಗ್ಳು ಒತ್ತು ಆ ಗುಡ್ಡದ ಮಗ್ಗುಲಾಗೆ ಉಟ್ತೈತೆ. ಬಲಗಡೆಯಿಂದ ನೀರಿನ್ ಮ್ಯಾಲೆ ಅಡ್ಡಡ್ಡ ಬತ್ತೈತೆ. ಪೂರಾ ಬಂದ್ಮೇಲೆ ಏನೂ ಇರಾಕಿಲ್ಲ. ಬರೋ ಗಳಿಗೆ ಇಡ್ಕೋ,” ಎಂದರು.

ಮಂಜು ನೀರಿನಿಂದ ಮೊಳದಷ್ಟು ಮೇಲೆದ್ದು ಹಾಗೇ ನಿಂತಿತ್ತು. ಮೊದಲನೆಯ ಪ್ಲೇಟನ್ನು ಅವಸರಕ್ಕೆ ಬಿದ್ದು ಬೇಗ ತೆಗೆದೆ. ಇನ್ನೂ ಕತ್ತಲೆ ಹೆಚ್ಚಿದೆ ಎಂದು ಲೆನ್ಸಿನ ಮುಚ್ಚಳ ಹಾಕಿದ ಮೇಲೆ ಅರಿವಾಯಿತು. ಉಳಿದದ್ದು ಒಂದು. ಅತ್ತೆಗೆ ನನ್ನ ಪ್ಲೇಟಿನ ಚಿಂತೆ ಎಲ್ಲಿ? ಮುಖ ತೊಳೆಯಲು ಮಂಡಿಯುದ್ದ ನೀರಿಗೆ ಇಳಿದೇಬಿಟ್ಟರು. ಪಕ್ಕಕ್ಕೆ ಬನ್ನಿ ಎಂದು ಕೂಗಬೇಕು ಅನ್ನುವಷ್ಟರಲ್ಲಿ ಗುಡ್ಡದ ಮಗ್ಗುಲಿಂದ ಬೆಳಕು ಬಂತು. ಕೆರೆಯ ಮೇಲೆ ಅಡ್ಡಲಾಗಿ ಬಂದು ಮಂಜಿನೊಳಗೆ ಹೊಕ್ಕಿತು. ಅತ್ತೆ ಬಗ್ಗಿ ಬೊಗಸೆ ತುಂಬಾ ನೀರು ಎತ್ತಿದ್ದರು.

“ಅತ್ತೆ, ಅಲ್ಲಾಡಬೇಡಿ!” ಎಂದು ಕಿರುಚಿದೆ. ಆ ದೇಹ ಹಾಗೇ ನಿಂತಿತು ನೋಡಿ, ಬಂಡೆಯ ಹಾಗೆ. ಮುಚ್ಚಳ ತೆಗೆದು ಆರು ಎಣಿಸಿದೆ. ಆರು ಎಣಿಸುವವರೆಗೂ ಅವರ ಬೊಗಸೆಯಿಂದ ನೀರು ಸೋರುತ್ತಲೇ ಇತ್ತು. ಮುಚ್ಚಳ ಹಾಕಿದ ಮೇಲೆ ಅವರು ಸೊಂಟ ನೆಟ್ಟಗೆ ಮಾಡಿ ನನ್ನನ್ನೂ ನನ್ನ ಕ್ಯಾಮೆರಾವನ್ನೂ ಸೇರಿಸಿ ಬೈದದ್ದನ್ನು ಇಲ್ಲಿ ಬರೆಯಲಾರೆ.

ಆ ಸೋರಿದ ನೀರು ಚಿತ್ರದಲ್ಲಿ ಒಂದು ಬಿಳಿ ದಾರವಾಗಿ ಬಂದಿದೆ. ಅಂಗೈಯಿಂದ ಕೆರೆಗೆ ಇಳಿದ ಬೆಳಕಿನ ದಾರ. ಸುತ್ತ ಮಂಜು. ಅತ್ತೆಯ ಮುಖ ಕಾಣುವುದಿಲ್ಲ, ಬಾಗಿದ ಬೆನ್ನಿನ ಅಂಚು ಮಾತ್ರ ಹೊಳೆಯುತ್ತದೆ. ಕೆಂಪು ದೀಪದಲ್ಲಿ ಅದು ನಿಧಾನವಾಗಿ ಮೂಡುವುದನ್ನು ನೋಡಿ ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ.

ಮೊದಲ ಬಹುಮಾನ ಬಂದಿದೆ. ನೂರಾ ಎಪ್ಪತ್ತು ಚಿತ್ರಗಳಲ್ಲಿ ಮೊದಲನೆಯದು. ಹೋದ ಭಾನುವಾರ ಬಂಗಾರಪೇಟೆಯಲ್ಲಿ ರೈಲು ಬದಲಾಯಿಸಿ ಅತ್ತೆಯೂ ನಾನೂ ಬೆಂಗಳೂರಿಗೆ ಹೋದೆವು. ನಮ್ಮ ಚಿತ್ರದ ಮುಂದೆ ಜನ ಸರಿಯುತ್ತಲೇ ಇರಲಿಲ್ಲ. ತೀರ್ಪು ಕೊಟ್ಟ ಹಿರಿಯರೊಬ್ಬರು, ಇಷ್ಟು ಸರಿಯಾದ ಜಾಗ, ಇಷ್ಟು ಸರಿಯಾದ ಗಳಿಗೆ, ಎಷ್ಟು ದಿನ ಹುಡುಕಿದಿರಮ್ಮ ಎಂದು ಕೇಳಿದರು. ಹುಡುಕಿದವರು ಇವರು ಎಂದು ಅತ್ತೆಯನ್ನು ಮುಂದೆ ಮಾಡಿದೆ. ಅತ್ತೆ ಸೆರಗು ಎಳೆದುಕೊಂಡು, “ನಾನೇನ್ ಉಡುಕ್ದೆ ಸ್ವಾಮಿ, ಅದು ಅಲ್ಲೇ ಐತೆ,” ಎಂದರು. ಇಡೀ ಸಭೆ ಚಪ್ಪಾಳೆ ತಟ್ಟಿತು. ಬಹುಮಾನದ ಬೆಳ್ಳಿ ಬಟ್ಟಲನ್ನು ಅವರ ಕೈಗೇ ಕೊಡಿಸಿದೆ. ವಾಪಸು ಬರುವಾಗ ರೈಲಿನಲ್ಲಿ ಎದುರು ಕೂತವರಿಗೆಲ್ಲ ಅದನ್ನು ತೋರಿಸಿದ್ದೇ ತೋರಿಸಿದ್ದು.

ಮೊನ್ನೆ ಬೆಂಗಳೂರಿನ ಒಂದು ಮುದ್ರಣಾಲಯದವರು ಮುಂದಿನ ವರ್ಷದ ಕ್ಯಾಲೆಂಡರಿಗೆ ಹನ್ನೆರಡು ಕೆರೆಗಳ ಚಿತ್ರ ಬೇಕೆಂದು ಬರೆದಿದ್ದಾರೆ. ಒಪ್ಪಿಕೊಂಡೆ. ಹಾಗಾಗಿ ಸ್ಟುಡಿಯೋ ಖಾಲಿಯಾಗುವುದಿಲ್ಲ, ನಾನು ತವರಿಗೆ ಹೋಗುವುದಿಲ್ಲ. ನೀವು ಬರುವುದಾದರೆ ಬನ್ನಿ, ಇದು ನಿಮ್ಮ ತಾಯಿಯ ಮನೆ. ಊಟಕ್ಕೆ ಎಲೆ ಹಾಕುತ್ತೇನೆ. ಕ್ಯಾಮೆರಾ ಕೇಳಬೇಡಿ.

ಕೆರೆಯಿಂದ ಕೆರೆಗೆ ಓಡಾಡುತ್ತಿರುವ,
ವೆಂಕಟರತ್ನಮ್ಮ

ಮರೆತ ಮಾತು: ಇದನ್ನು ಬರೆಯದೆ ಬಿಡೋಣವೆಂದಿದ್ದೆ. ಪ್ರದರ್ಶನದ ಅರ್ಜಿಯಲ್ಲಿ ನಾನು ಮೊದಲು ತುಂಬಿದ್ದು ನಿಮ್ಮ ಹೆಸರನ್ನು. ಹೆಂಗಸು ತೆಗೆದದ್ದೆಂದರೆ ಯಾರು ನೋಡುತ್ತಾರೆ ಎಂಬ ಭಯ. ಅತ್ತೆ ಅದನ್ನು ಕಿತ್ತುಕೊಂಡು ಒಲೆಗೆ ಹಾಕಿದರು. ಓದು ಬಾರದ ನಿಮಗೆ ಹೇಗೆ ತಿಳಿಯಿತು ಎಂದು ಕೇಳಿದೆ. “ನಿನ್ ಎಸ್ರು ಬರ್ದಿದ್ರೆ ಕೈ ಅಡ್ಡ ಇಡ್ಕೊಂಡು ಯಾಕೆ ಬರೀತಿದ್ದೆ?” ಎಂದರು. ಎರಡನೇ ಅರ್ಜಿಯನ್ನು ಅವರ ಎದುರಿಗೇ ಕೂತು ತುಂಬಿದೆ, ಒಂದೊಂದು ಅಕ್ಷರವನ್ನೂ ಗಟ್ಟಿಯಾಗಿ ಹೇಳುತ್ತಾ.